ಹಿತ್ತಾಳೆ ಮೊಳೆ

ಲಾಂಡ್ರಿಯಮ್ಮ ಬಕೆಟ್ಟಿನ ನೀರನ್ನು ಅಂಗಡಿಯ ನೆಲಕ್ಕೆ ಸುರಿದಳು. ಬಾಗಿಲ ಬಳಿಯ ಕಿಂಡಿಗೆ ಹೋಗಬೇಕಾದ ನೀರು ಒಂದು ಕ್ಷಣ ಅಲ್ಲೇ ತಡವರಿಸಿ, ಆಮೇಲೆ ಹಿಂದಿನ ಗೋಡೆಯ ಬುಡಕ್ಕೆ ಹೋಗಿ ನಿಂತುಕೊಂಡಿತು. ಲಾಂಡ್ರಿಯಮ್ಮ ಅದರತ್ತ ತಿರುಗಿ ಕೂಡ ನೋಡಲಿಲ್ಲ. ಮೂಲೆಯಲ್ಲಿದ್ದ ಉದ್ದ ಪೊರಕೆ ಎತ್ತಿಕೊಂಡು, ಬರಬರನೆ ಎಳೆದು, ಆ ನೀರನ್ನೆಲ್ಲ ಕಿಂಡಿಯ ತನಕ ತಳ್ಳಿ ಬಂದಳು.

ಬೂಟಿನ ಕೆಸರು ತೊಳೆದುಕೊಳ್ಳಲು ಚೊಂಬು ಹಿಡಿದು ನಿಂತಿದ್ದ ಸೊನ್ನೆಯಕ್ಕ ಹಾಗೇ ನಿಂತುಬಿಟ್ಟಳು.

"ಅಮ್ಮಾ, ನೀರು ಯಾಕೆ ಆ ಕಡೆ ಹೋಯ್ತು?"

"ಯಾವ ನೀರು?"

"ಈಗ ಸುರಿದ್ರಲ್ಲ, ಅದು."

"ಓ, ಅದಾ. ಮೂರು ತಿಂಗಳಿಂದ ಹಾಗೇ. ಮೊದಲೆಲ್ಲ ಸುರಿದ್ರೆ ತಾನೇ ಹೋಗ್ತಿತ್ತು. ಈಗ ಕೈ ಹಿಡಿದು ಕರಕೊಂಡು ಹೋಗಬೇಕು, ನಮ್ಮ ಯಜಮಾನರ ಥರ."

"ನನ್ನ ಕಾಲು ಮುರಿದಿದೆ, ಕಿವಿ ಮುರಿದಿಲ್ಲ," ಎಂದು ಒಳಕೋಣೆಯಿಂದ ಯಜಮಾನರ ದನಿ ಬಂತು. ಅಂಗಡಿಯ ಬೋರ್ಡು ಒರೆಸಲು ಏಣಿ ಹತ್ತಿ, ಬೋರ್ಡಿನ ಧೂಳಿಗಿಂತ ಮೊದಲು ತಾವೇ ಕೆಳಗೆ ಬಂದವರು ಅವರು. ಆರು ವಾರದಿಂದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಿಂದಿನ ಗೋಡೆಗೆ ತಾಗಿದ ಮಂಚದ ಮೇಲೆ ಮಲಗಿದ್ದರು.

ಸೊನ್ನೆಯಕ್ಕ ಬಾಗಿಲಿನಿಂದ ಇಣುಕಿದಳು. ಮಂಚದ ಎರಡು ಕಾಲುಗಳ ಕೆಳಗೆ ಹಳೇ ಪೇಪರನ್ನು ಮಡಚಿ ಇಟ್ಟಿದ್ದರು. ಎರಡೂ ಗೋಡೆಯ ಕಡೆಯ ಕಾಲುಗಳು.

"ಇದನ್ನ ಯಾವಾಗ ಇಟ್ಟಿದ್ದು ಯಜಮಾನರೇ?"

"ಅದೊಂದು ದೊಡ್ಡ ಕಥೆ. ನಾನು ಮಲಗಿದ್ರೆ ಗೋಡೆ ಕಡೆಗೆ ಉರುಳ್ತೀನಿ ಅಂದೆ. ಇವಳು, ಇಷ್ಟು ವರ್ಷ ನನ್ನ ಕಡೆಗೆ ಉರುಳಿದ್ದೇ ಸಾಕು, ಇನ್ನು ಗೋಡೆ ಕಡೆಗೇ ಉರುಳಿ ಅಂದಳು. ಕೊನೆಗೆ ಪೇಪರ್ ಇಟ್ಟಳು. ಹೋದ ತಿಂಗಳು ಎರಡು ಮಡಿಕೆ ಇತ್ತು, ಈಗ ನಾಲ್ಕಾಗಿದೆ."

"ನಿಮ್ಮ ಸೈಟಿನ ಮೇಸ್ತ್ರಿಗೆ ತೋರಿಸಿದ್ದೆ," ಎಂದಳು ಲಾಂಡ್ರಿಯಮ್ಮ. "ನೆಲ ಸವೆದಿದೆ, ಹಳೇ ಮನೆ ಅಲ್ವಾ ಅಂದ್ರು. ಸರಿ ಅಂತ ಸುಮ್ಮನಾದೆ. ಪೊರಕೆ ಇದೆಯಲ್ಲ."

ನೆಲ ಸವೆಯುವುದಾದರೆ ಜನ ಓಡಾಡುವ ಬಾಗಿಲ ಬಳಿ ಸವೆಯಬೇಕು. ಗೋಡೆಯ ಬುಡದಲ್ಲಿ ಯಾರು ಓಡಾಡುತ್ತಾರೆ? ಸೊನ್ನೆಯಕ್ಕ ಚೊಂಬನ್ನು ಕೆಳಗಿಟ್ಟಳು. ಬೂಟು ತೊಳೆಯುವುದು ಹಾಗೇ ಉಳಿಯಿತು. ಆ ಗೋಡೆಯ ಆಚೆಗೆ, ನಾಲ್ಕೇ ಅಡಿ ದೂರದಲ್ಲಿ, ಅವಳು ಕೆಲಸ ಮಾಡುವ ಗುಂಡಿ ಇತ್ತು.

ಗುಂಡಿ ಎಂದರೆ ಅಂತಿಂಥ ಗುಂಡಿಯಲ್ಲ. ಮೂರು ಅಂತಸ್ತಿನ ನೆಲಮಾಳಿಗೆಗಾಗಿ ಪೇಟೆಯ ನಟ್ಟನಡುವೆ ತೋಡಿದ್ದು. ಸುತ್ತಲೂ ಉಕ್ಕಿನ ಕಂಬಗಳನ್ನು ನೆಲಕ್ಕೆ ಹೊಡೆದು, ಕಂಬಗಳ ನಡುವೆ ಹಲಗೆ ಕೂರಿಸಿ, ಈ ಬದಿಯಿಂದ ಆ ಬದಿಗೆ ದಪ್ಪ ದಪ್ಪ ಪೈಪುಗಳನ್ನು ಅಡ್ಡ ಕೊಟ್ಟು ಮಣ್ಣನ್ನು ತಡೆದಿದ್ದರು. ಮಣ್ಣೇನೋ ನಿಂತಿತು, ನೆಲದೊಳಗಿನ ನೀರು ನಿಲ್ಲಬೇಕಲ್ಲ? ಅದಕ್ಕೆಂದು ಗುಂಡಿಯ ಸುತ್ತ ಆರು ಬಾವಿ ಕೊರೆದು, ಆರು ಪಂಪು ಇಳಿಸಿ, ಐದು ತಿಂಗಳಿಂದ ಹಗಲಿರುಳೂ ನೀರೆತ್ತುತ್ತಿದ್ದರು. ತಳ ಒಣಗಿದರೆ ತಾನೇ ತಳದ ಕಾಂಕ್ರೀಟು ಹಾಕಲು ಆಗುವುದು. ಆ ಕಾಂಕ್ರೀಟಿಗೆ ಇನ್ನು ನಾಲ್ಕೇ ದಿನ ಬಾಕಿ ಇತ್ತು.

ನೀರು ಎತ್ತಿದರೆ ಅಕ್ಕಪಕ್ಕದ ನೆಲ ಕುಸಿಯುವ ಭಯ ಇದ್ದೇ ಇರುತ್ತದೆ. ಅದನ್ನು ಕಾಯುವುದೇ ಸೊನ್ನೆಯಕ್ಕನ ಕೆಲಸ. ಸುತ್ತಲಿನ ಹನ್ನೆರಡು ಕಟ್ಟಡಗಳಿಗೆ ಒಂದೊಂದು ಗುರುತು. ದಿನಾ ಬೆಳಿಗ್ಗೆ ಮುಕ್ಕಾಲಿಯ ಮೇಲೆ ಲೆವೆಲ್ ಯಂತ್ರ ಕೂರಿಸಿ, ಒಂದು ಕಣ್ಣು ಮುಚ್ಚಿ, ಯಾವ ಗುರುತು ಎಷ್ಟು ಇಳಿದಿದೆ ಎಂದು ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕು. ಐದು ತಿಂಗಳಿಂದ ಆ ರಿಜಿಸ್ಟರಿನ ತುಂಬ ಹೆಚ್ಚುಕಡಿಮೆ ಸೊನ್ನೆಗಳೇ. ಲಾಂಡ್ರಿಯದು ಮಾತ್ರ ಮೈನಸ್ ಎರಡು, ಮೈನಸ್ ಮೂರು, ಈಗ ಮೈನಸ್ ನಾಲ್ಕು. ನಾಲ್ಕು ಮಿಲ್ಲಿಮೀಟರ್ ಯಾವ ಲೆಕ್ಕ? ಇಪ್ಪತ್ತರ ತನಕ ಅವಕಾಶ ಇದೆ. "ಏನಕ್ಕ, ಇವತ್ತೂ ಸೊನ್ನೆಯಾ?" ಎಂದು ಕೇಳಿ ಕೇಳಿ ಕಬ್ಬಿಣದ ಕೆಲಸದವರು ಅವಳಿಗೆ ಈ ಹೆಸರಿಟ್ಟರು. ಅವಳಿಗೂ ಅದರಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತೆಂದು ಹೇಳಿದರೆ ಸುಳ್ಳಾಗದು.

ಸೈಟಿನ ಶೆಡ್ಡಿಗೆ ಬಂದವಳೇ ರಿಜಿಸ್ಟರನ್ನು ಪಕ್ಕಕ್ಕೆ ಸರಿಸಿ, ತನ್ನ ಚೀಲದಿಂದ ಪೆನ್ಸಿಲ್ ಪುಸ್ತಕ ತೆಗೆದಳು. ಗುರುತಿನ ಎದುರು ನಿಂತು ಬರೆದುಕೊಳ್ಳುವ ಕಚ್ಚಾ ಪುಸ್ತಕ ಅದು. ಅದರಲ್ಲಿ ಸೊನ್ನೆಗಳಿರಲಿಲ್ಲ. ರಸ್ತೆಯ ತುದಿಯ ಔಷಧಿ ಅಂಗಡಿ, ಪ್ಲಸ್ ಏಳು. ಅದರ ಪಕ್ಕದ ಶಾಲೆಯ ಗೋಡೆ, ಪ್ಲಸ್ ಒಂಬತ್ತು. ಗುಂಡಿಯಿಂದ ದೂರ ಹೋದಷ್ಟೂ ಪ್ಲಸ್ಸು ಹೆಚ್ಚು.

ಪ್ಲಸ್ ಎಂದರೆ ಕಟ್ಟಡ ಮೇಲಕ್ಕೆ ಎದ್ದಿದೆ ಎಂದರ್ಥ. ಮೊದಲ ಸಲ ಪ್ಲಸ್ ಒಂದು ಬಂದಾಗ ಅವಳು ಸೈಟಿನ ಇಂಜಿನಿಯರನ್ನು ಕೇಳಿದ್ದಳು. ಅವನು ನಕ್ಕಿದ್ದ. "ಕಟ್ಟಡ ಏನು ಗಿಡಾನಾ ಬೆಳೆಯೋಕೆ? ಯಂತ್ರದ ತಪ್ಪು, ಬಿಸಿಲಿನ ತಪ್ಪು. ಪ್ಲಸ್ ಬಂದ್ರೆ ಸೊನ್ನೆ ಬರೀರಿ," ಎಂದಿದ್ದ. ಒಂದಕ್ಕೆ ಸೊನ್ನೆ ಬರೆದವಳು ಎರಡಕ್ಕೂ ಬರೆದಳು, ನಾಲ್ಕಕ್ಕೂ ಬರೆದಳು. ದಿನಕ್ಕೆ ಕೂದಲೆಳೆಯಷ್ಟು ಹೆಚ್ಚಾಗುತ್ತ ಹೋದದ್ದು ಒಂಬತ್ತಾದಾಗಲೂ ಅವಳ ಕೈ ತಾನಾಗಿ ಸೊನ್ನೆ ಸುತ್ತುತ್ತಿತ್ತು. ಕೈಗೆ ರೂಢಿಯಾದ ಮೇಲೆ ತಲೆಯನ್ನು ಯಾರು ಕೇಳುತ್ತಾರೆ?

ಶಾಲೆ ಬೆಳೆದಿಲ್ಲ. ಔಷಧಿ ಅಂಗಡಿಯೂ ಬೆಳೆದಿಲ್ಲ. ಹಾಗಾದರೆ ಯಾವುದರಿಂದ ಅಳೆಯುತ್ತಿದ್ದೇನೋ ಅದೇ ಕೆಳಗೆ ಹೋಗಿದೆ.

ಅವಳು ಅಳೆಯುತ್ತಿದ್ದದ್ದು ಒಂದು ಹಿತ್ತಾಳೆ ಮೊಳೆಯಿಂದ. ಗುಂಡಿಯ ಇನ್ನೊಂದು ಬದಿಗೆ ಒಂದು ಹಳೆಯ ಬ್ಯಾಂಕಿತ್ತು. ಕಲ್ಲಿನ ಕಟ್ಟಡ, ಮೊಳಗಟ್ಟಲೆ ದಪ್ಪದ ಗೋಡೆ. ಅದರ ಮೆಟ್ಟಿಲ ಪಕ್ಕ ಅವಳೇ ಕೈಯಾರೆ ಆ ಮೊಳೆ ಹೊಡೆದಿದ್ದಳು. ಈ ಮೊಳೆ ಅಲ್ಲಾಡುವುದಿಲ್ಲ ಎಂದು ಹಿಡಿದು, ಉಳಿದೆಲ್ಲ ಗುರುತುಗಳನ್ನು ಅದಕ್ಕೆ ಹೋಲಿಸಿ ನೋಡುವುದು ಕ್ರಮ. ನಿಜವಾದ ಸರ್ಕಾರಿ ಗುರುತುಕಲ್ಲು ಮಾರ್ಕೆಟ್ಟಿನ ಆಚೆಗೆ, ನೀರಿನ ಟ್ಯಾಂಕಿನ ಕೆಳಗಿತ್ತು. ತಿಂಗಳಿಗೊಮ್ಮೆ ಆ ಕಲ್ಲಿನಿಂದ ಹೊರಟು ಮೊಳೆಯನ್ನು ಪರೀಕ್ಷಿಸಬೇಕೆಂದು ನಿಯಮ. ಮೊದಲ ತಿಂಗಳು ಮಾಡಿದ್ದಳು. ತರಕಾರಿ ಗಾಡಿಗಳ ನಡುವೆ ಆರು ಕಡೆ ಮುಕ್ಕಾಲಿ ಇಡುವಷ್ಟರಲ್ಲಿ ಸಾಕುಸಾಕಾಗಿತ್ತು. ಮೊಳೆ ಇದ್ದಲ್ಲೇ ಇತ್ತು. "ಈ ಬ್ಯಾಂಕು ಅಲ್ಲಾಡೋದಾದ್ರೆ ಊರೇ ಅಲ್ಲಾಡಬೇಕು," ಎಂದಿದ್ದ ಇಂಜಿನಿಯರ್. ಮುಂದಿನ ತಿಂಗಳಿಂದ ಅವಳು ಹೋಗಲಿಲ್ಲ. ಯಾರೂ ಕೇಳಲೂ ಇಲ್ಲ.

ಭಾರವಾದ ಕಟ್ಟಡವೇ ಮೊದಲು ಇಳಿಯುವುದು ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು ಕೂಡ.

ಆರನೇ ಪಂಪಿನ ಹತ್ತಿರ ಮಾವ ಇದ್ದ. ಅವಳ ತಾಯಿಯ ತಮ್ಮ, ಆರು ಪಂಪುಗಳ ಒಡೆಯ. ಲೆವೆಲ್ ಕೆಲಸ ಕಲಿತು ಮನೆಯಲ್ಲಿ ಕೂತಿದ್ದವಳನ್ನು ಈ ಸೈಟಿಗೆ ಸೇರಿಸಿದವನೂ ಅವನೇ. ಮೂವತ್ತು ವರ್ಷದಲ್ಲಿ ಅವನು ಒಣಗಿಸದ ಗುಂಡಿ ಇಲ್ಲ. ನನ್ನ ಗುಂಡಿಯಲ್ಲಿ ಬಿಳಿ ಪಂಚೆ ಉಟ್ಟು ಕೂತರೂ ಕಲೆ ಆಗಲ್ಲ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದ. ಈಗ ಪಂಪಿನ ನೀರು ಚರಂಡಿಗೆ ಹೋಗುವ ಮುನ್ನ ತಂಗುವ ಸಿಮೆಂಟು ತೊಟ್ಟಿಯೊಳಗೆ ಇಳಿದು, ಸನಿಕೆಯಿಂದ ಮರಳು ಎತ್ತಿ ಹಾಕುತ್ತಿದ್ದ.

"ಮಾವ, ಈ ತೊಟ್ಟೀನ ಹೋದ ವಾರ ತಾನೇ ಖಾಲಿ ಮಾಡಿದ್ದೆ?"

"ಹೂಂ."

"ಮೊದಲು ತಿಂಗಳಿಗೊಂದು ಸಲ ಮಾಡ್ತಿದ್ದೆ."

"ಮಾಡ್ತಿದ್ದೆ. ಈಗ ವಾರಕ್ಕೊಂದು ಸಲ. ಏನೀಗ?"

ಅವಳು ಬಾಗಿ ಒಂದು ಹಿಡಿ ಮರಳು ತೆಗೆದುಕೊಂಡಳು. ಹಿಟ್ಟಿನಷ್ಟು ನುಣುಪು. ಬೆರಳುಗಳ ಸಂದಿಯಿಂದ ಜಾರಿ ಹೋಯಿತು. "ಇದು ಎಲ್ಲಿಂದ ಬಂತು ಮಾವ? ಗುಂಡಿಯೊಳಗಿನ ಮಣ್ಣು ಕೆಂಪು. ಇದು ಬೂದು."

ಮಾವ ಇನ್ನೆರಡು ಸನಿಕೆ ಮರಳು ಎತ್ತಿ ಹಾಕಿದ.

"ಲಾಂಡ್ರಿಯಮ್ಮನ ನೆಲದ ಮೇಲೆ ನೀರು ಹಿಂದಕ್ಕೆ ಹರೀತಿದೆ," ಎಂದಳು ಅವಳು. "ಯಜಮಾನರ ಮಂಚಕ್ಕೆ ನಾಲ್ಕು ಮಡಿಕೆ ಪೇಪರ್ ಇಟ್ಟಿದ್ದಾರೆ. ನನ್ನ ಮೊಳೆ ಇಳಿದಿದೆ ಅನಿಸ್ತಿದೆ ಮಾವ. ನಾನು ಐದು ತಿಂಗಳಿಂದ ಬರೆದಿದ್ದೆಲ್ಲ ಸುಳ್ಳು ಇರಬಹುದು."

ಮಾವ ಸನಿಕೆಯನ್ನು ಗೋಡೆಗೆ ಒರಗಿಸಿದ. ತೊಟ್ಟಿಯ ಅಂಚಿನ ಮೇಲೆ ಕೂತು ಮುಖ ಒರೆಸಿಕೊಂಡ. "ಬಾವಿಯ ಕೊಳವೆ ಸುತ್ತ ಸಣ್ಣ ಜಲ್ಲಿ ತುಂಬಬೇಕಿತ್ತು," ಎಂದ ನಿಧಾನವಾಗಿ. "ನೀರು ಬರಬೇಕು, ಮರಳು ಅಲ್ಲೇ ಉಳೀಬೇಕು, ಹಾಗೆ. ಬಂದಿದ್ದು ದಪ್ಪ ಜಲ್ಲಿ. ವಾಪಸ್ ಕಳಿಸಿದ್ರೆ ಹದಿನೈದು ದಿನ ತಡ. ನಡೆಯುತ್ತೆ ಬಿಡು ಅಂತ ತುಂಬಿಸಿಬಿಟ್ಟೆ. ಎರಡು ತಿಂಗಳಿಂದ ಅಕ್ಕಪಕ್ಕದ ನೆಲದಡಿಯ ಮರಳು ನೀರಿನ ಜೊತೆ ಬರೋದು ನೋಡ್ತಾನೇ ಇದೀನಿ. ನಿನ್ನ ರಿಜಿಸ್ಟರಲ್ಲಿ ದಿನಾ ಸೊನ್ನೆ ಇರ್ತಿತ್ತಲ್ಲ, ಅದನ್ನ ನೋಡಿ ಸಮಾಧಾನ ಮಾಡ್ಕೊಳ್ತಿದ್ದೆ."

ಅವನು ಅವಳ ಸೊನ್ನೆಯನ್ನು ನಂಬಿದ್ದ, ಅವಳು ಅವನ ಒಣ ಗುಂಡಿಯನ್ನು ನಂಬಿದ್ದಳು. ಇಬ್ಬರ ನಂಬಿಕೆಯ ನಡುವೆ ಲಾಂಡ್ರಿ ಇತ್ತು. ಅವಳಿಗೆ ಮಾವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ಮಾಡಿಕೊಂಡು ಕೂರಲು ಈಗ ಪುರಸೊತ್ತಿರಲಿಲ್ಲ.

"ಏಳು ಮಾವ. ಕೋಲು ಹಿಡಿಯೋಕೆ ಬಾ. ಟ್ಯಾಂಕಿನ ಕಲ್ಲಿಂದ ಅಳೀಬೇಕು."

"ಈಗಲಾ? ಮಾರ್ಕೆಟ್ ತುಂಬಿರುತ್ತೆ."

"ತುಂಬಿರಲಿ."

ಮಾರ್ಕೆಟ್ಟು ತುಂಬಿಯೇ ಇತ್ತು. ಟ್ಯಾಂಕಿನ ಕೆಳಗೆ ಕಸದ ರಾಶಿಯನ್ನು ಕಾಲಿನಿಂದ ಸರಿಸಿ ಗುರುತುಕಲ್ಲನ್ನು ಹುಡುಕಿದರು. ಮಾವ ಅದರ ಮೇಲೆ ಅಳತೆಯ ಕೋಲನ್ನು ನೆಟ್ಟಗೆ ನಿಲ್ಲಿಸಿದ. ಅವಳು ಯಂತ್ರದಲ್ಲಿ ನೋಡಿ ಬರೆದುಕೊಂಡಳು. ಆಮೇಲೆ ಮಾವ ಮುಂದೆ, ಆಮೇಲೆ ಅವಳು ಮುಂದೆ, ಹೀಗೆ ಒಬ್ಬರನ್ನೊಬ್ಬರು ದಾಟಿಕೊಂಡು ರಸ್ತೆಗುಂಟ ಬಂದರು. ಈರುಳ್ಳಿ ಮೂಟೆಯವನು ಯಂತ್ರಕ್ಕೂ ಕೋಲಿಗೂ ನಡುವೆ ಬಂದು ನಿಂತು ಫೋಟೊ ತೆಗೆಯುತ್ತಿದ್ದಾರೆಂದು ತಲೆ ಬಾಚಿಕೊಂಡ. "ಏನು ತಾತ, ಕೋಲು ಹಿಡಿದು ಎಲ್ಲಿಗೆ ಸವಾರಿ?" ಎಂದಳು ಸೊಪ್ಪಿನವಳು. "ನಿನ್ನ ತಕ್ಕಡಿ ಸರಿ ಇದೆಯಾ ನೋಡೋಕೆ ಬಂದೆ," ಎಂದ ಮಾವ. ಆ ದಿನ ಅವನು ಆಡಿದ ತಮಾಷೆಯ ಮಾತು ಅದೊಂದೇ.

ಸೊನ್ನೆಯಕ್ಕ ಯಾವುದಕ್ಕೂ ನಗಲಿಲ್ಲ. ಹಲ್ಲು ಕಚ್ಚಿಕೊಂಡು ಒಂದೊಂದೇ ಅಂಕಿ ಬರೆದಳು. ದೇವರೇ, ಇದು ನನ್ನ ಭ್ರಮೆಯಾಗಲಿ, ಲಾಂಡ್ರಿಯಮ್ಮನ ನೆಲ ನಿಜವಾಗಿಯೂ ಸವೆದಿರಲಿ ಎಂದು ಮನಸ್ಸು ಬೇಡುತ್ತಲೇ ಇತ್ತು. ಕಣ್ಣು ಮಾತ್ರ ಕಂಡದ್ದನ್ನೇ ಓದುತ್ತಿತ್ತು.

ಬ್ಯಾಂಕಿನ ಮೆಟ್ಟಿಲ ಹತ್ತಿರ ಮಾವ ಕೊನೆಯ ಸಲ ಕೋಲನ್ನು ಮೊಳೆಯ ಮೇಲಿಟ್ಟ. ಅವಳು ಓದಿದಳು, ಕೂಡಿದಳು, ಕಳೆದಳು. ಮೊಳೆ ಹದಿನೆಂಟು ಮಿಲ್ಲಿಮೀಟರ್ ಇಳಿದಿತ್ತು. ನಂಬದೆ, ಅದೇ ದಾರಿಯಲ್ಲಿ ವಾಪಸು ಟ್ಯಾಂಕಿನ ತನಕ ಅಳೆದುಕೊಂಡು ಹೋದಳು. ಮಾವ ಕೋಲು ಹೊತ್ತು ಹಿಂದೆ ನಡೆದ. ವಾಪಸಿನಲ್ಲೂ ಹದಿನೆಂಟೇ ಬಂತು.

ಉಳಿದ ಲೆಕ್ಕಕ್ಕೆ ಪೆನ್ಸಿಲ್ಲೂ ಬೇಕಿರಲಿಲ್ಲ. ಒಂಬತ್ತು ಬೆಳೆದಿದ್ದ ಶಾಲೆ ಒಂಬತ್ತು ಇಳಿದಿತ್ತು. ನಾಲ್ಕು ಇಳಿದಿದ್ದ ಲಾಂಡ್ರಿ ಇಪ್ಪತ್ತೆರಡು ಇಳಿದಿತ್ತು.

ಇಂಜಿನಿಯರ್ ಗುಂಡಿಯ ಅಂಚಿನಲ್ಲಿ ನಿಂತು ಕಬ್ಬಿಣ ಎಣಿಸುತ್ತಿದ್ದ. ಕೆಟ್ಟವನಲ್ಲ. ಕಂಬಿ ತಾಗಿ ಯಾರಿಗಾದರೂ ಗಾಯವಾದರೆ ತಾನೇ ಔಷಧಿ ಡಬ್ಬಿ ಹುಡುಕಿಕೊಂಡು ಓಡುವವನು. ನಾಲ್ಕು ದಿನದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಂಕ್ರೀಟಿನ ಏರ್ಪಾಡು ನೋಡುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ಮೊದಲು ನಕ್ಕ, ಆಮೇಲೆ ಪೆನ್ಸಿಲ್ ಪುಸ್ತಕ ಕಿತ್ತುಕೊಂಡು ತಾನೇ ಲೆಕ್ಕ ಹಾಕಿದ. ಅವನಿಗೂ ಇಪ್ಪತ್ತೆರಡೇ ಬಂತು.

"ನಾಲ್ಕು ದಿನ ಕೊಡಿ ಅಕ್ಕ," ಎಂದ. "ತಳದ ಕಾಂಕ್ರೀಟ್ ಒಂದು ಬಿದ್ದುಬಿಟ್ರೆ ಎಲ್ಲ ಗಟ್ಟಿ ಆಗುತ್ತೆ. ಆಮೇಲೆ ನೀವು ಹೇಳಿದ ಹಾಗೆ ಪಂಪ್ ಕಡಿಮೆ ಮಾಡೋಣ. ಈಗ ನಿಲ್ಲಿಸಿದ್ರೆ ಗುಂಡಿ ಮುಳುಗುತ್ತೆ. ಕಟ್ಟಿರೋ ಕಬ್ಬಿಣ ಎಲ್ಲ ನೀರೊಳಗೆ. ಐದು ತಿಂಗಳ ಕೆಲಸ."

"ನಾಲ್ಕು ದಿನದಲ್ಲಿ ಲಾಂಡ್ರಿ ಎಷ್ಟು ಇಳಿಯುತ್ತೆ ಸಾರ್?"

"ಎಷ್ಟು ಅಂದ್ರೆ... ಇದುವರೆಗಿನ ಲೆಕ್ಕದಲ್ಲಿ ಒಂದೋ ಎರಡೋ."

"ಇದುವರೆಗಿನ ಲೆಕ್ಕ ನಂದು ಸಾರ್. ಅದು ತಪ್ಪು ಲೆಕ್ಕ. ಮರಳು ಈಗ ವಾರಕ್ಕೊಂದು ತೊಟ್ಟಿ ಬರ್ತಿದೆ. ಗೋಡೆ ಕೆಳಗೆ ಎಷ್ಟು ಟೊಳ್ಳಾಗಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಗೋಡೆಗೆ ತಾಗಿ ಒಬ್ಬರು ಕಾಲು ಮುರಕೊಂಡು ಮಲಗಿದ್ದಾರೆ. ಗೋಡೆ ಕುಸಿದ್ರೆ ಎದ್ದು ಓಡೋಕೂ ಆಗಲ್ಲ ಅವರಿಗೆ."

"ಅವರನ್ನ ಬೇರೆ ಕಡೆ ಇರಿಸೋಣ."

"ಗೋಡೆ?"

ಇಂಜಿನಿಯರ್ ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇದನ್ನೆಲ್ಲ ಬರೆದ್ರೆ ಮೊದಲು ಬರೋದು ನಿಮ್ಮ ಹೆಸರು. ಮೊಳೆ ಪರೀಕ್ಷೆ ಮಾಡದೆ ಇದ್ದಿದ್ದು ನೀವು. ಯೋಚನೆ ಮಾಡಿ."

"ಮಾಡಿದೀನಿ. ಬರಲಿ."

ರಿಜಿಸ್ಟರಿನ ಮೊದಲ ಪುಟದಲ್ಲಿ ಒಂದು ನಿಯಮವಿತ್ತು. ಯಾವ ಕಟ್ಟಡವಾದರೂ ಇಪ್ಪತ್ತು ಮಿಲ್ಲಿಮೀಟರ್ ದಾಟಿ ಇಳಿದರೆ, ಅಳೆಯುವವರು ಗೇಟಿಗೆ ಕೆಂಪು ಹಲಗೆ ನೇತುಹಾಕಬೇಕು. ಆಗ ಕೆಲಸ, ಪಂಪು ಎಲ್ಲ ನಿಲ್ಲಬೇಕು. ನೇತುಹಾಕಿದವರ ಸಹಿಯಿಲ್ಲದೆ ಹಲಗೆಯನ್ನು ಯಾರೂ ಇಳಿಸುವಂತಿಲ್ಲ. ಎಲ್ಲರೂ ಸಹಿ ಹಾಕಿ ಮರೆತಿದ್ದ ಪುಟ ಅದು. ಹಲಗೆ ಎಲ್ಲಿದೆ ಎಂದು ಹುಡುಕಿದರೆ, ಶೆಡ್ಡಿನಲ್ಲಿ ಟೀ ಲೋಟಗಳನ್ನು ಇಡುವ ತಟ್ಟೆಯಾಗಿತ್ತು. ಅವಳು ಹನ್ನೊಂದು ಲೋಟಗಳನ್ನು ಒಂದೊಂದಾಗಿ ಬೆಂಚಿನ ಮೇಲೆ ಎತ್ತಿಟ್ಟು, ಹಲಗೆಯ ಮೇಲಿನ ಸಕ್ಕರೆಯ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಂತಿ ಸಮೇತ ತಂದು ಗೇಟಿಗೆ ನೇತುಹಾಕಿದಳು. ಹಲಗೆಯ ಹಿಂಬದಿಯಲ್ಲಿ ಟೀ ಲೋಟಗಳ ದುಂಡನೆಯ ಕಲೆಗಳು ಹಾಗೇ ಉಳಿದಿದ್ದವು.

ಕಬ್ಬಿಣದ ಕೆಲಸದವರು ಒಬ್ಬೊಬ್ಬರಾಗಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಮೇಲೆ ನೋಡಿದರು. ಇಂಜಿನಿಯರ್ ಹಲಗೆಯ ಎದುರು ಬಂದು ನಿಂತ. ಅವಳು ರಿಜಿಸ್ಟರನ್ನೂ ಪೆನ್ನನ್ನೂ ಅವನತ್ತ ಚಾಚಿದಳು.

"ಸಾರ್, ನಾಲ್ಕು ದಿನದಲ್ಲಿ ಆ ಗೋಡೆಗೆ ಏನೂ ಆಗಲ್ಲ ಅಂತ ಇಲ್ಲಿ ಬರೆದು ಸಹಿ ಹಾಕಿ. ನಾನೇ ಹಲಗೆ ಇಳಿಸ್ತೀನಿ."

ಅವನು ಪೆನ್ನು ತೆಗೆದುಕೊಂಡ. ಮುಚ್ಚಳ ತೆಗೆದ. ರಿಜಿಸ್ಟರಿನ ಪುಟಗಳನ್ನು ಹಿಂದಕ್ಕೆ ತಿರುವಿದ. ಸೊನ್ನೆ, ಸೊನ್ನೆ, ಸೊನ್ನೆ. ಬಹಳ ಹೊತ್ತು ನೋಡಿದ. ಆಮೇಲೆ ಮುಚ್ಚಳ ಹಾಕಿ ಪೆನ್ನನ್ನು ವಾಪಸು ಕೊಟ್ಟ.

"ಸೊನ್ನೆ ಬರೀರಿ ಅಂದಿದ್ದು ನಾನು," ಎಂದ. "ಅದನ್ನೂ ಬರೀರಿ." ಫೋನು ತೆಗೆದುಕೊಂಡು ಶೆಡ್ಡಿನ ಹಿಂದಕ್ಕೆ ಹೋದ. ಅಲ್ಲಿಂದ ಬಹಳ ಹೊತ್ತು, "ಇಲ್ಲ ಸಾರ್, ಇಲ್ಲ ಸಾರ್," ಎಂದು ಅವನ ದನಿ ಮಾತ್ರ ಕೇಳುತ್ತಿತ್ತು.

ಪಂಪು ನಿಲ್ಲಿಸುವುದಕ್ಕೆ ಮೊದಲು ಲಾಂಡ್ರಿಯ ಯಜಮಾನರನ್ನು ಈಚೆಗೆ ತರಬೇಕಿತ್ತು. ಕಬ್ಬಿಣದ ಕೆಲಸದವರು ನಾಲ್ವರು ಹೋಗಿ ಮಂಚ ಸಮೇತ ಎತ್ತಿಕೊಂಡು ಬಂದರು. "ಮೆಲ್ಲಗೆ ಕಣ್ರಪ್ಪ, ನಾಲ್ಕು ಜನ ಎತ್ತಿಕೊಂಡು ಹೋಗೋ ಕಾಲ ಇನ್ನೂ ಬಂದಿಲ್ಲ," ಎಂದರು ಯಜಮಾನರು. ಲಾಂಡ್ರಿಯಮ್ಮ ನಗಲಿಲ್ಲ. ಇಸ್ತ್ರಿ ಮಾಡಿಟ್ಟ ಬಟ್ಟೆಗಳನ್ನು ತೋಳಿನ ತುಂಬ ಹೊತ್ತು ಎದುರಿನ ಅಂಗಡಿಗೂ ತನ್ನ ಅಂಗಡಿಗೂ ಹತ್ತು ಸಲ ಓಡಾಡಿದಳು. ಕೊನೆಯ ಸಲ ಬರುವಾಗ ಸೊನ್ನೆಯಕ್ಕನ ಎದುರು ನಿಂತಳು.

"ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ನಮ್ಮ ಗೋಡೆ ನೋಡ್ತಿದ್ದೆಯಲ್ಲಮ್ಮ. ಏನು ನೋಡ್ತಿದ್ದೆ?"

"ತಪ್ಪು ನೋಡಿದೆ ಅಮ್ಮಾ. ನೀವು ಪೊರಕೇಲಿ ನೋಡಿದಷ್ಟೂ ನಾನು ಯಂತ್ರದಲ್ಲಿ ನೋಡಲಿಲ್ಲ."

ಲಾಂಡ್ರಿಯಮ್ಮ ತೋಳಿನ ಮೇಲಿನ ಬಟ್ಟೆಗಳನ್ನು ಸರಿಮಾಡಿಕೊಂಡು ರಸ್ತೆ ದಾಟಿದಳು.

ಮಾವ ಲಾಂಡ್ರಿಯ ಬದಿಯ ಪಂಪಿನಿಂದ ಶುರುಮಾಡಿದ. ಒಮ್ಮೆಲೇ ನಿಲ್ಲಿಸುವಂತಿಲ್ಲ, ನೀರು ನಿಧಾನಕ್ಕೆ ಏರಬೇಕು ಎಂದು ಒಂದೊಂದಕ್ಕೂ ನಡುವೆ ಅರ್ಧ ಗಂಟೆ ಬಿಟ್ಟ. ಪ್ರತಿ ಪಂಪಿನ ಮೇಲೂ ಒಂದು ಗಳಿಗೆ ಅಂಗೈ ಊರಿ, ಆಮೇಲೆ ಸ್ವಿಚ್ಚು ಇಳಿಸುತ್ತಿದ್ದ. ಸೊನ್ನೆಯಕ್ಕ ಪಕ್ಕದಲ್ಲಿ ನಿಂತು ಹೊತ್ತು ಬರೆದುಕೊಂಡಳು. ಇಂಜಿನಿಯರ್ ಬಂದು ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಅವರ ಜೊತೆ ನಿಂತುಕೊಂಡ.

ಆರನೆಯದೂ ನಿಂತಾಗ ಬಿಸಿಲು ಇಳಿಯುತ್ತಿತ್ತು. ಐದು ತಿಂಗಳಿಂದ ಕಿವಿಯಲ್ಲಿ ಮನೆ ಮಾಡಿಕೊಂಡಿದ್ದ ಗುಂಯ್ ಎಂಬ ಸದ್ದು ತಟ್ಟನೆ ಇಲ್ಲವಾಯಿತು. ಬ್ಯಾಂಕಿನೊಳಗೆ ಯಾರೋ ಸೀಲು ಒತ್ತುವುದು ಕೇಳಿಸಿತು. ಗುಂಡಿಯ ತಳದಲ್ಲಿ ಮೊದಲು ಒಂದು ಮೂಲೆ ಕಪ್ಪಾಯಿತು. ಆಮೇಲೆ ಕಬ್ಬಿಣದ ಕಂಬಿಗಳ ಸಂದಿಯಲ್ಲಿ ಅಲ್ಲಲ್ಲಿ ಆಕಾಶ ಕಾಣತೊಡಗಿತು.

"ನನ್ನ ಗುಂಡೀಲಿ ನೀರು ನಿಂತಿದ್ದು ಇದೇ ಮೊದಲು," ಎಂದ ಮಾವ.

"ನಾನು ಹೊಡೆದ ಮೊಳೆ ಇಳಿದಿದ್ದೂ ಇದೇ ಮೊದಲು ಮಾವ."

"ಮನೆಗೆ ಹೋಗೇ. ನಾಳೆ ಬೇಗ ಅಳೀಬೇಕು."

ಮರುದಿನ ಬೆಳಿಗ್ಗೆ ಅವಳು ಟ್ಯಾಂಕಿನ ಕಲ್ಲಿನಿಂದ ಶುರುಮಾಡಿದಳು. ಲಾಂಡ್ರಿ, ಇಪ್ಪತ್ತಮೂರು. ಅದರ ಮರುದಿನ ಇಪ್ಪತ್ತಮೂರು. ಮೂರನೆಯ ದಿನವೂ ಇಪ್ಪತ್ತಮೂರು. ಎಂಟು ದಿನ ಅದೇ ಬಂತು. ದಿನಕ್ಕೆ ಎರಡು ಗಂಟೆ ಮಾರ್ಕೆಟ್ಟಿನಲ್ಲಿ ಮುಕ್ಕಾಲಿ ಹೊತ್ತು ತಿರುಗಿದಳು. ಈರುಳ್ಳಿಯವನು ಈಗ ಫೋಟೊಗೆ ನಿಲ್ಲದೆ ತಾನೇ ಗಾಡಿ ಸರಿಸಿ ದಾರಿ ಬಿಡುತ್ತಿದ್ದ. ವಿಚಾರಣೆಗೆ ಬಂದವರು ಅವಳನ್ನು ಎರಡು ದಿನ ಕೂರಿಸಿ ಕೇಳಿದರು. ಎಲ್ಲವನ್ನೂ ಹೇಳಿದಳು, ಪೆನ್ಸಿಲ್ ಪುಸ್ತಕವನ್ನು ಮುಂದಿಟ್ಟಳು. ರಿಜಿಸ್ಟರಿನಲ್ಲಿ ಒಂದೊಂದು ಸೊನ್ನೆಯ ಪಕ್ಕಕ್ಕೂ ಕೆಂಪು ಶಾಯಿಯಲ್ಲಿ ಅವತ್ತು ನಿಜವಾಗಿ ಕಂಡ ಅಂಕಿಯನ್ನು ಬರೆದು ಸಹಿ ಹಾಕುತ್ತ ಹೋದಳು. ಸಾವಿರಕ್ಕೂ ಹೆಚ್ಚಿದ್ದವು. ಅವಳನ್ನು ಈ ಕೆಲಸದಲ್ಲಿ ಇರಿಸುತ್ತಾರೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮಾವನ ಬಾವಿಗಳನ್ನು ಮುಚ್ಚಿ ಹೊಸದಾಗಿ ಕೊರೆಯಬೇಕೆಂದು ಮಾತ್ರ ಆಗಲೇ ಬರೆದು ಕೊಟ್ಟಿದ್ದರು. ಗೋಡೆಯ ಬುಡಕ್ಕೆ ಕೊಳವೆ ಇಳಿಸಿ, ಟೊಳ್ಳಿನೊಳಗೆ ಸಿಮೆಂಟಿನ ಹಾಲು ತುಂಬಿಸುವ ಕೆಲಸವೂ ಮುಗಿದಿತ್ತು.

ಇಳಿದದ್ದು ಮಾತ್ರ ಮೇಲಕ್ಕೆ ಬರಲಿಲ್ಲ, ಬರುವಂಥದ್ದೂ ಅಲ್ಲ. ಲಾಂಡ್ರಿಯಮ್ಮ ವಾಪಸು ಬಂದ ದಿನ ಮೊದಲ ಬಕೆಟ್ಟಿನ ನೀರು ಮತ್ತೆ ಹಿಂದಿನ ಗೋಡೆಗೇ ಹೋಯಿತು.

ಭಾನುವಾರ ಸೊನ್ನೆಯಕ್ಕ ಲೆವೆಲ್ ಯಂತ್ರ ಹೊತ್ತುಕೊಂಡು ಲಾಂಡ್ರಿಗೆ ಹೋದಳು. ಜೊತೆಗೆ ಮಾವ, ಎರಡು ಬಾಣಲೆ ಸಿಮೆಂಟು ಗಾರೆ, ಒಂದು ಕರಣೆ. ಅವಳು ಟ್ಯಾಂಕಿನ ಕಲ್ಲಿನಿಂದ ಮಟ್ಟ ತಂದು ಗೋಡೆಯ ಸುತ್ತ ಸೀಮೆಸುಣ್ಣದ ಗೆರೆ ಎಳೆದಳು. ಕಿಂಡಿಯ ಕಡೆಗೆ ಎಷ್ಟು ಇಳಿಜಾರು ಬೇಕೆಂದು ಅಂಗೈ ಅಗಲಕ್ಕೊಂದು ಗುರುತು ಹಾಕಿದಳು. ಮಾವ ಮಂಡಿಯೂರಿ ಕೂತು, ಗೆರೆಗೆ ಗೆರೆ ಹಿಡಿದು, ಗಾರೆ ಬಳಿದು ನಯ ಮಾಡಿದ. ಒಂದು ಕಡೆ ಅವನ ಕರಣೆ ಕೂದಲಿನಷ್ಟು ಏರಿದ್ದಕ್ಕೆ ಅವಳು, "ಒಂದು ಎಂಎಂ ಮಾವ," ಎಂದಳು. ಅವನು ಗೊಣಗದೆ ಅದನ್ನು ಕೆರೆದು ಮತ್ತೆ ಬಳಿದ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೋಲೂರಿ ನಿಂತಿದ್ದ ಯಜಮಾನರು ಬಾಗಿಲಲ್ಲಿ ನಿಂತು ಇಬ್ಬರಿಗೂ ಬಿಟ್ಟಿ ಸಲಹೆ ಕೊಡುತ್ತಿದ್ದರು.

ಮೂರು ದಿನ ಬಿಟ್ಟು, ಗಾರೆ ಒಣಗಿದ ಮೇಲೆ, ಎಲ್ಲರೂ ಮತ್ತೆ ಬಂದು ನಿಂತರು. ಲಾಂಡ್ರಿಯಮ್ಮ ಬಕೆಟ್ ಎತ್ತಿ ಹಿಂದಿನ ಗೋಡೆಯ ಬುಡಕ್ಕೇ ನೀರು ಸುರಿದಳು. ನೀರು ಅಲ್ಲಿ ಸ್ವಲ್ಪ ಹರಡಿಕೊಂಡಿತು. ಆಮೇಲೆ ಮೆಲ್ಲಗೆ ಒಂದು ನಾಲಗೆಯಷ್ಟು ಮುಂದೆ ಬಂತು, ಯಜಮಾನರ ಕೋಲಿನ ತುದಿಯನ್ನು ಸುತ್ತಿಕೊಂಡು, ಸೊನ್ನೆಯಕ್ಕನ ಬೂಟಿನ ಪಕ್ಕದಲ್ಲಿ ಹಾದು, ಕಿಂಡಿಯೊಳಗೆ ಇಳಿದು ಹೋಯಿತು.

ಲಾಂಡ್ರಿಯಮ್ಮ ಪೊರಕೆ ಹಿಡಿದುಕೊಂಡು ಹಾಗೇ ನಿಂತಿದ್ದಳು.